ಸಖುಬಾಯಿಯ ಹೆಸರಿನಲ್ಲಿ ಆಡಿದ ಆಟ

ಅಮೆರಿಕದ ಫುಟ್‌ಬಾಲ್ ಆಟವನ್ನು ನೌಬಾದದ ಆ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಯಾರೂ ಕಣ್ಣಾರೆ ಕಂಡವರಲ್ಲ. ಆದರೂ ಭಾಲ್ಕಿಯ ಭಾಷಣ ಸ್ಪರ್ಧೆಗೆ ‘ಆಟವು ವೃತ್ತಿಯಾದ ಬಗೆ’ ಎಂಬ ವಿಷಯ ಬಂದಾಗ ದೈಹಿಕ ಶಿಕ್ಷಕಿ ಶಿವಕಾಂತಾ ಅದನ್ನೇ ಆರಿಸಿ, ನಾಲ್ಕು ಹಾಳೆ ಬರೆದು ಒಂಬತ್ತನೆಯ ತರಗತಿಯ ಮೇಘಾಳ ಕೈಗಿಟ್ಟಿದ್ದಳು.

ಕಥೆ ಸ್ವಾರಸ್ಯವಾಗಿತ್ತು. ನೂರ ಮೂವತ್ತು ವರ್ಷಗಳ ಹಿಂದೆ ಅಲ್ಲಿ ದುಡ್ಡು ತೆಗೆದುಕೊಂಡು ಆಡುವುದೆಂದರೆ ಮರ್ಯಾದೆಗೇಡು. ಆದರೂ ಪಿಟ್ಸ್‌ಬರ್ಗ್ ಕಡೆಯ ಒಂದು ಸಂಘ, ಎದುರಾಳಿಯನ್ನು ಸೋಲಿಸಲೇಬೇಕೆಂಬ ಹಟಕ್ಕೆ ಬಿದ್ದು, ಹೆಸರಾಂತ ಆಟಗಾರನೊಬ್ಬನನ್ನು ಹೊರಗಿನಿಂದ ಗುಟ್ಟಾಗಿ ಹಣ ಕೊಟ್ಟು ಕರೆಸಿತು. ಆ ಗುಟ್ಟಿಗೆ ಪುರಾವೆ ಸಿಕ್ಕದ್ದು ಹಲವು ದಶಕಗಳ ಮೇಲೆ, ಒಂದು ಹಳೆಯ ಕಾಗದದಲ್ಲಿ. ಮುಂದೆ ಕೆಲವು ಕಾಲೇಜು ಹುಡುಗರು ಶನಿವಾರ ಕಾಲೇಜಿಗಾಗಿ ಆಡಿ, ಭಾನುವಾರ ಸುಳ್ಳು ಹೆಸರಿನಲ್ಲಿ ದುಡ್ಡಿಗಾಗಿ ಆಡತೊಡಗಿದರು.

ಓದಿ ಮುಗಿಸಿದ ಮೇಘಾ ಕೇಳಿದಳು: “ಮೇಡಂರಿ, ಆ ಸುಳ್ಳು ಹೆಸರು ಯಾರವ್ರಿ? ಖರೇ ಮಂದೀವೇನು?”

“ಇಲ್ಲ. ಮನಸ್ಸಿಗೆ ಬಂದದ್ದು ಇಟ್ಕೊಂತಿದ್ರು.”

“ಹಂಗಾದ್ರ ಯಾರಿಗೂ ಧಕ್ಕಿ ಇಲ್ಲ ಬಿಡ್ರಿ.” ಹುಡುಗಿ ಹಾಳೆ ಮಡಚುತ್ತ ನಕ್ಕಳು. “ಕಡೀಕ ನಮ್ಮವ್ವನ ಕಥಿ ಹಾಕ್ಲೇನ್ರಿ? ಆಕಿನೂ ಔರಾದದಾಗ ಕಬಡ್ಡಿ ಆಡ್ಯಾಳ. ಚಿಂತಾಕಿ ಊರ ಹುಡುಗ್ಯಾರು ನಾಕು ಮಂದಿ ಮೈಮ್ಯಾಲ ಬಿದ್ರೂ ಎಳಕೊಂಡು ಗೆರಿ ಮುಟ್ಟಿದ್ಳಂತ. ಈಗ ನಮ್ಮೂರ ಮಂದಿ ಬಾಯಾಗ ನಾಕು ಹೋಗಿ ಏಳು ಮಂದಿ ಆಗ್ಯಾರ್ರಿ, ಬರೋ ವರ್ಷಕ್ಕ ಹತ್ತಾಗ್ತಾರ! ಒಬ್ಬಾಕಿ ಕೈ ಮುರೀತಂತ ಅವ್ವಗ ಎರಡು ವರ್ಷ ಆಡಬ್ಯಾಡ ಅಂದ್ರು. ಆಮ್ಯಾಲ ಆಡೇ ಇಲ್ಲ. ಕೇಳಿದ್ರ ಬರೇ ನಗ್ತಾಳ.”

“ಯಾವೂರು ನಿಂದು?”

“ಎಕಂಬಾ ರಿ. ನಮ್ಮವ್ವ ಸಖುಬಾಯಿ.”

ಶಿವಕಾಂತಾಳಿಗೆ ಆ ಹುಡುಗಿಯ ಮುಖ ನೋಡಲಾಗಲಿಲ್ಲ. “ಹಾಕು, ಚೊಲೋ ಆಗ್ತದ” ಎಂದುಬಿಟ್ಟಳು.

ಮೂವತ್ತೊಂದು ವರ್ಷಗಳ ಹಿಂದೆ ಔರಾದದ ಅಂಕಣದಲ್ಲಿ ಆಡಿದವಳು ಸಖುಬಾಯಿಯಲ್ಲ, ಶಿವಕಾಂತಾ. ಆಗ ಅವಳು ಬೀದರಿನಲ್ಲಿ ಕಾಲೇಜು ಓದುತ್ತಿದ್ದಳು. ಎಕಂಬಾದ ತಂಡ ಕಟ್ಟಿದ್ದ ಓಂಪ್ರಕಾಶ ಮಾಸ್ತರರು ಹುಡುಕಿಕೊಂಡು ಬಂದಿದ್ದರು. ಅವರ ಮುಖ್ಯ ಆಟಗಾರ್ತಿ ಸಖುಬಾಯಿ ಕುರಿಯ ಹಿಂದೆ ಓಡಿ ಕಾಲು ಉಳುಕಿಸಿಕೊಂಡಿದ್ದಳು; ಹೆಸರುಗಳ ಪಟ್ಟಿ ಆಗಲೇ ಔರಾದ ಮುಟ್ಟಿತ್ತು; ಬೇರೆ ಊರಿನವರು ಆಡುವಂತಿರಲಿಲ್ಲ. “ಒಂದು ದಿನ ಸಖುಬಾಯಿ ಆಗವ್ವ” ಎಂದು ಹೇಳಿ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ಮುಂದಿಟ್ಟರು. ಅಲ್ಲಿಯವರೆಗೆ ಅವಳು ಬರಿಗಾಲಲ್ಲೇ ಆಡಿದವಳು. ಬೂಟು ಕಾಲಿಗೆ ಸರಿಯಾಗಿ ಕೂತಿತು, ಅವಳು ಒಪ್ಪಿದಳು.

ನಾಲ್ವರನ್ನು ಎಳೆದುಕೊಂಡು ಗೆರೆ ಮುಟ್ಟಿದ್ದು ನಿಜ. ಅದಕ್ಕೂ ಮೊದಲು, ದಾಳಿಗೆ ಬಂದ ಚಿಂತಾಕಿಯ ಒಬ್ಬ ತೆಳ್ಳನೆಯ ಹುಡುಗಿಯ ಕೈ ಹಿಡಿದು, ಬಿಡು ಬಿಡು ಎಂದು ಅವಳು ಚೀರಿದ ಮೇಲೂ ತಿರುವಿದ್ದೂ ನಿಜ. ಚೀರಿದ್ದು ಕೇಳಿಸಿತ್ತು. ಹೆಸರು ತನ್ನದಲ್ಲವಲ್ಲ ಎಂಬ ಧೈರ್ಯ ಆ ಹೊತ್ತಿನಲ್ಲಿ ಕೈಯೊಳಗೆ ಬಂದಿತ್ತು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಶಿಕ್ಷೆ ಬಿದ್ದದ್ದು ಸಖುಬಾಯಿಯ ಹೆಸರಿಗೆ. ಶಿವಕಾಂತಾಳ ಹೆಸರು ಸ್ವಚ್ಛವಾಗಿ ಉಳಿದು, ವಿಶ್ವವಿದ್ಯಾಲಯದ ತಂಡ ಸೇರಿ, ನೌಕರಿ ಕೊಡಿಸಿತು.

ಮೂರು ದಿನ ಮೇಘಾ ಭಾಷಣ ಒಪ್ಪಿಸಿದಳು. “ನಮ್ಮ ತಾಯಿ” ಎಂಬ ಕಡೆ ಬಂದಾಗ ಶಿವಕಾಂತಾ “ಇಲ್ಲಿ ಜರಾ ಧ್ವನಿ ಏರಿಸು” ಎಂದು ಹೇಳಿಕೊಟ್ಟಳು. ಹೇಳಿಕೊಟ್ಟು ಶಿಕ್ಷಕರ ಕೋಣೆಗೆ ಹೋಗಿ ಮುಖ ತೊಳೆದುಕೊಂಡಳು. ಮಂಗಳವಾರ ಆ ಹುಡುಗಿ ಭಾಲ್ಕಿಯ ವೇದಿಕೆಯ ಮೇಲೆ ನಿಂತು ಇದೇ ಸುಳ್ಳನ್ನು ಎದೆಯುಬ್ಬಿಸಿ ಹೇಳುವವಳಿದ್ದಳು.

ರವಿವಾರ ಶಿವಕಾಂತಾ ಔರಾದದ ಬಸ್ಸು ಹತ್ತಿದಳು.

ಎಕಂಬಾದ ತನ್ನ ಮನೆಯ ಅಂಗಳದಲ್ಲಿ ಸಖುಬಾಯಿ ಕುರಿಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತ ಕೂತಿದ್ದಳು. “ಬರ್ರಿ ಮೇಡಂ. ನಮ್ಮಾಕಿ ಏನರ ಖೋಡಿತನ ಮಾಡ್ಯಾಳೇನು? ಸೂಟಿಗೆ ಬಂದಾಳ, ಈಗಷ್ಟೇ ನೀರಿಗೆ ಹೋದಳು.”

“ಇಲ್ರಿ. ನಾ ಶಿವಕಾಂತಾ. ಔರಾದದಾಗ…”

“ಗುರ್ತು ಅದ. ಮಗಳಿಗೆ ಸಾಲಿಗೆ ಹಚ್ಚಲಾಕ ಬಂದ ದಿನಾನೇ ಹಿಡದೀನಿ. ನೀ ಹಿಡೀಲಿಲ್ಲ.” ಬಹುವಚನ ಅಲ್ಲಿಗೇ ಬಿತ್ತು. “ನನ್ನ ಮಾರಿ ನೀ ಯಾವಾಗ ನೋಡಿದ್ದಿ, ಗುರ್ತು ಹಿಡೀಲಾಕ? ನಾ ನೋಡಿದ್ದೆ. ಆವತ್ತು ನಮ್ಮೂರಾಗ ನೀ ಬೂಟ್ ಹಾಕ್ಕೊಂಡು ಜೀಪ್ ಹತ್ತೂದು ಕಿಡಕಿಯಿಂದ ನೋಡಿದ್ದೆ.”

ಶಿವಕಾಂತಾ ಕಟ್ಟೆಯ ತುದಿಗೆ ಕೂತಳು. “ತಪ್ಪಾತು” ಎಂದಳು.

“ಸಖುಬಾಯಿ ಔರಾದದಾಗ ಆಡ್ಲಿಕತ್ಯಾಳಂದ್ರ ಸಖುಬಾಯಿ ಊರಾಗ ಕಾಣಬಾರದಲ್ಲ? ನಮ್ಮಪ್ಪ ಬಕ್ಕಪ್ಪ ಜ್ವಾಳದ ಚೀಲದ ಖೋಲ್ಯಾಗ ಹಾಕಿ ಚಿಲಕಾ ಜಡದಾ. ಇಡೀ ದಿನ. ಸಂಜಿಮುಂದ ಹಲಗಿ ಬಾರಿಸ್ಕೊಂತ ಬಂದು ತಗದ್ರು. ನೀ ಬೀದರಿಗೆ ಹೋಗಿದ್ದಿ. ಊರ ಮಂದಿಗೆ ಸಖುಬಾಯಿ ಬೇಕಾಗಿತ್ತು. ನನಗ ಗುಲಾಲ ಹಚ್ಚಿ, ಹಾರ ಹಾಕಿ, ಕುಂಟ್ಕೊಂತ ಮೆರವಣಿಗಿ ಮಾಡಿಸಿದ್ರು. ಆಡೂದ್ರಾಗ ಕಾಲಿಗೆ ಪೆಟ್ಟಾಗ್ಯಾದ ಅಂದ್ರು.” ಸಖುಬಾಯಿ ಮರಿಯ ಬಾಯಿ ಒರೆಸಿದಳು. “ನಾನೂ ನಕ್ಕೆ. ಏನ್ ಮಾಡ್ಲಿ? ನಗೂದು ರೂಢಿ ಆತು.”

“ಮೇಘಾಗ ಹೇಳ್ತೇನ್ರಿ. ಎಲ್ಲಾ.”

ಸಖುಬಾಯಿ ಥಟ್ಟನೆ ತಲೆಯೆತ್ತಿದಳು. “ಎಲ್ಲಾ ಯಾಕ? ಕೈ ಮುರದದ್ದು ನಿನ್ನ ಹೆಸರಿಗಿ ತಗೋ. ಅದು ನನಗ ಬ್ಯಾಡ. ನಾ ಒಂದು ಕುರಿಮರಿ ಕಾಲು ಸುದ್ದಾ ತಿರುವಿದಾಕಿ ಅಲ್ಲ. ಗೆದ್ದದ್ದು ಮಾತ್ರ…” ಅವಳ ಧ್ವನಿ ಇಳಿಯಿತು. “ಅದು ನನ್ನ ಮಗಳ ಕಣ್ಣಾಗ ಇರಲಿ. ನಿನಗ ನೌಕರಿ ಅದ, ಪಗಾರ ಅದ. ನನಗ ಅದೊಂದೇ ಅದ.”

ಗೆಲುವನ್ನು ಕೊಟ್ಟುಬಿಡುವುದು ಎಷ್ಟು ಸುಲಭ ಎಂದು ಶಿವಕಾಂತಾಳಿಗೆ ಎನಿಸಿತು. ಅರ್ಧ ಸತ್ಯ ಹೇಳಿ ಮನೆಗೆ ಹೋಗಿ ನಿದ್ದೆ ಮಾಡಬಹುದಿತ್ತು. ಹಾಗೆನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಗೋಡೆಯಾಚೆ ಕೊಡ ಇಳಿಸಿದ ಸದ್ದಾಯಿತು. ಮೇಘಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಲಂಗದ ಅಂಚಿನಿಂದ ನೀರು ತೊಟ್ಟಿಕ್ಕಿ ಕಾಲ ಬಳಿ ನೆಲ ಒದ್ದೆಯಾಗಿತ್ತು.

“ನೀ ಆಡೇ ಇಲ್ಲೇನವ್ವ?”

ಸಖುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಸಲ ನಗಲಿಲ್ಲ.

“ನಾ ಆಡಿದ್ದು ಮೇಘಾ,” ಶಿವಕಾಂತಾ ಎದ್ದು ನಿಂತಳು. “ಗೆದ್ದಾಕಿನೂ ನಾನೇ, ಕೈ ಮುರದಾಕಿನೂ ನಾನೇ. ಬೇಕಂತನೇ ತಿರುವಿದ್ದೆ. ಮೂರು ದಿನ ನಿನ್ನ ಬಾಯಿಲೆ ಸುಳ್ಳು ಹೇಳಿಸಿದಾಕಿನೂ ನಾನೇ.”

ಹುಡುಗಿ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಇಬ್ಬರೂ ಕಾದರು. ಅವಳು ಒಳಗೆ ಹೋಗಿ ಭಾಷಣದ ಹಾಳೆ ತಂದಳು. ತಾಯಿಯ ಭಾಗದ ಮೇಲೆ ಉದ್ದಕ್ಕೂ ಗೆರೆ ಎಳೆದಳು.

“ಆ ಚಿಂತಾಕಿ ಹುಡುಗಿ ಹೆಸರೇನ್ರಿ?”

ಶಿವಕಾಂತಾ ಸಖುಬಾಯಿಯನ್ನು ನೋಡಿದಳು. ಸಖುಬಾಯಿ ಶಿವಕಾಂತಾಳನ್ನು ನೋಡಿದಳು.

“ಗೊತ್ತಿಲ್ಲೇನು? ಇಬ್ಬರಿಗೂ?” ಮೇಘಾಳ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. “ಆಕಿ ಕೈ ನೆಟ್ಟಗಾತೋ ಇಲ್ಲೋ, ಅದೂ ಗೊತ್ತಿಲ್ಲೇನು?”

ಅಂಗಳದಲ್ಲಿ ಮರಿ ಖಾಲಿ ಬಾಟಲಿಯನ್ನು ಚೀಪುತ್ತಿತ್ತು. ಇಷ್ಟು ವರ್ಷ ಶಿವಕಾಂತಾ ಅನುಭವಿಸಿದ್ದೆಲ್ಲ ಸಖುಬಾಯಿಯ ಹೆಸರಿನ ಬಗೆಗಿನ ನಾಚಿಕೆ ಮಾತ್ರ. ಚೀರಿದವಳಿಗೊಂದು ಹೆಸರಿದೆ ಎಂಬುದೇ ತನಗೆ ಹೊಳೆದಿರಲಿಲ್ಲ ಎಂಬುದು ಶಿವಕಾಂತಾಳಿಗೆ ಆಗ ತಿಳಿಯಿತು.

“ಚಿಂತಾಕಿಗೆ ಬಸ್ಸು ಎಷ್ಟಕ್ಕ?” ಎಂದು ಕೇಳಿದಳು.

“ಮೂರಕ್ಕ ಒಂದು ಅದ,” ಸಖುಬಾಯಿ ಮರಿಯನ್ನು ಕೆಳಗಿಳಿಸಿದಳು. ಸೆರಗು ಸರಿಮಾಡಿಕೊಂಡು ಚಪ್ಪಲಿಗಾಗಿ ಅತ್ತಿತ್ತ ನೋಡಿದಳು. “ಒಬ್ಬಾಕೀನೇ ಹೋಗಬ್ಯಾಡ. ಅಲ್ಲಿ ಮಂದಿ ಇಷ್ಟು ವರ್ಷ ಬೈದದ್ದು ನನಗ. ನಾನೂ ಬರ್ತೇನಿ.”