ಮೇಲಿನ ನಿಷಾದ

“ಆ ಪ್ಲಗ್ ಹತ್ತಿರ ಯಾರೂ ಕಾಲಿಡಬೇಡಿ,” ಎಂದಳು ಅಕ್ಕ, ಕೀಬೋರ್ಡಿನ ಪುಟ್ಟ ಪರದೆಯಿಂದ ಕಣ್ಣು ಕೀಳದೆ. ವಾದ್ಯವೃಂದದಲ್ಲಿ ಎಲ್ಲರಿಗೂ ಅವಳು ಅಕ್ಕನೇ, ಅವಳಿಗಿಂತ ದೊಡ್ಡವನಾದ ಡ್ರಮ್ಮಿನವನಿಗೂ. ಅವನು ಚಹಾದ ಲೋಟ ಹಿಡಿದುಕೊಂಡೇ ಸರಿದು, ಪ್ಲಗ್ಗಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತ.

ತಾಲೀಮಿನ ಕೋಣೆಯಲ್ಲಿ ಎರಡು ಕೀಬೋರ್ಡುಗಳು ಎದುರುಬದುರಾಗಿದ್ದವು. ಹಳೆಯದು ಸ್ಯಾಂಪ್ಲರ್; ನಿಜವಾದ ವಾದ್ಯದ ದನಿಯನ್ನು ಹಿಡಿದಿಟ್ಟು ಕೀಗಳ ಮೇಲೆ ನುಡಿಸಲು ಕೊಡುವ ಯಂತ್ರ. ಆದರೆ ಸ್ವಿಚ್ ಆರಿಸಿದರೆ, ಕರೆಂಟು ಹೋದರೆ ಎಲ್ಲ ಮರೆತುಬಿಡುತ್ತದೆ. ಪ್ರತಿ ಸಲವೂ ಫ್ಲಾಪಿಯಿಂದ ಮತ್ತೆ ತುಂಬಬೇಕು. ನಕಲು ತೆಗೆದಿಟ್ಟಿದ್ದ ಫ್ಲಾಪಿ ಬೂಷ್ಟು ಹಿಡಿದು ಮೊದಲೇ ಹೋಗಿತ್ತು. ಉಳಿದದ್ದನ್ನು ಯಂತ್ರ ಬೆಳಿಗ್ಗೆ ಕರಕರ ಸದ್ದು ಮಾಡಿ, ಸಾಕಷ್ಟು ಹಟ ಹಿಡಿದು, ಕೊನೆಗೆ ಹೇಗೋ ಓದಿತ್ತು. ಇನ್ನೊಮ್ಮೆ ಓದುತ್ತದೆಂಬ ನಂಬಿಕೆ ಅಕ್ಕನಿಗಿರಲಿಲ್ಲ; ಅದಕ್ಕೇ ಇವತ್ತೇ ಎಲ್ಲವನ್ನೂ ಹೊಸ ಕೀಬೋರ್ಡಿಗೆ ದಾಟಿಸುತ್ತಿದ್ದಳು.

ಆ ಫ್ಲಾಪಿಯಲ್ಲಿದ್ದದ್ದು ಅವಳ ಸೋದರಮಾವನ ಕೊಳಲು. ಪಾರ್ಶ್ವವಾಯು ಬಡಿದು ಮಾವನ ಬಲಗೈ, ಬಾಯಿಯ ಒಂದು ಬದಿ ಸೋತ ಮೇಲೆ, ಆ ಕೊಳಲು ಉಳಿದಿದ್ದು ಇಲ್ಲಿ ಮಾತ್ರ.

“ಅಕ್ಕಾ, ಹಳೇದನ್ನ ನುಡಿಸಿ, ಹೊಸದ್ರಲ್ಲಿ ರೆಕಾರ್ಡ್ ಮಾಡ್ಕೊಂಡ್ರೆ ಆಗಲ್ವಾ? ಬೇಗ ಮುಗಿಯುತ್ತೆ,” ಎಂದ ಡ್ರಮ್ಮಿನವ.

“ಆಗುತ್ತೆ ಅಣ್ಣ. ಆದ್ರೆ ಅದು ನಕಲಿನ ನಕಲು. ನನಗೆ ಮಾವನೇ ಬೇಕು.”

ಹಾಗಾಗಿ ಒಂದೊಂದು ಸ್ವರವೂ ತೆಳ್ಳನೆಯ ಕೇಬಲ್ಲಿನಲ್ಲಿ ಬಸವನಹುಳುವಿನಂತೆ ದಾಟುತ್ತಿತ್ತು. ದಾಟಿದ್ದಕ್ಕೆ ಅಕ್ಕ ಹೆಸರು ಕೊಡುವಳು, ಮೆಮೊರಿ ಕಾರ್ಡಿಗೆ ಉಳಿಸುವಳು, ಅದರ ಕೀ ಮೇಲೆ ಕೂರಿಸುವಳು, ತಲೆಬಾಗಿಸಿ ಕೇಳುವಳು. ಗಡಿಬಿಡಿಯಿಲ್ಲ, ಬೇಸರವಿಲ್ಲ. ತಾಳವಿಲ್ಲದೆ ಒಂದು ಗಳಿಗೆ ಸುಮ್ಮನಿರಲಾರದ ಡ್ರಮ್ಮಿನವನೂ ಅವಳನ್ನೇ ನೋಡುತ್ತ ತೊಡೆ ಬಡಿಯುವುದನ್ನು ಮರೆತಿದ್ದ. ನಡುವೆ ದೀಪ ಒಂದು ಸಲ ಮಂಕಾಯಿತು. ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಬೆಳಕು ಮರಳಿದಾಗ ಪರದೆಯ ಮೇಲಿನ ಅಂಕಿ ಇನ್ನೂ ಓಡುತ್ತಿತ್ತು.

ಕೊನೆಯ ಸ್ವರವೂ ದಾಟಿ ಕಾರ್ಡು ಸೇರಿದ ಮೇಲೆ ಅವಳು ಮಾವನಿಗೆ ಫೋನ್ ಮಾಡಿಸಿದಳು. ಮಾವ ಕೋಲೂರಿಕೊಂಡು, ಅತ್ತೆಯ ಭುಜ ಹಿಡಿದು ಬಂದರು. ಅಕ್ಕ ಹೊಸದರಲ್ಲಿ ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ ನುಡಿಸಿದಳು. ಅವರು ಕಣ್ಣು ಮುಚ್ಚಿ ಕೇಳಿದರು.

“ಮೇಲಿನ ನಿಷಾದ ಶ್ರುತಿಗಿಂತ ಇಳಿದಿದೆ,” ಎಂದರು ತೊದಲುತ್ತ. “ನೀನು ರೆಕಾರ್ಡ್ ಮಾಡ್ಕೊಂಡ ದಿನ ನೆಗಡಿ ಆಗಿತ್ತು ನಂಗೆ. ಹೇಳಿದ್ರೆ ನೀನು ಮತ್ತೆ ಊದಿಸ್ತೀಯ ಅಂತ ಬಾಯಿ ಬಿಡಲಿಲ್ಲ.”

“ಗೊತ್ತು ಮಾವ. ಆ ಸ್ವರ ಬಂದಾಗೆಲ್ಲ ಎಡಗೈಯಲ್ಲಿ ಈ ಚಕ್ರ ತಿರುಗಿಸಿ ಒಂಚೂರು ಎತ್ತಿಕೊಳ್ತಿದ್ದೆ.”

“ಪ್ರತಿ ಕಾರ್ಯಕ್ರಮದಲ್ಲೂ?”

“ಕೈಗೆ ಅಭ್ಯಾಸ ಆಗಿಬಿಟ್ಟಿದೆ.”

“ನೋಡಿದ್ಯೇನೇ ಇವಳನ್ನ,” ಎಂದು ಅತ್ತೆಗೆ ಹೇಳಿ ಮಾವ ಅಕ್ಕನ ಕಡೆ ತಿರುಗಿದರು. “ಒಂದು ಸಲ ಮೆಷಿನ್ನಲ್ಲೇ ಸರಿಮಾಡಿಟ್ಟಿದ್ರೆ ಆಗ್ತಿತ್ತಲ್ಲ, ಪುಟ್ಟಿ?”

“ನಿಮ್ಮ ಸ್ವರ ಅದು. ನಿಮ್ಮನ್ನ ಕೇಳದೆ ಹೇಗೆ ತಿದ್ದಲಿ?”

“ಮತ್ತೆ ಕೇಳೋದಲ್ವಾ?”

“ಕೇಳಿದ್ರೆ ನೊಂದ್ಕೋತೀರಿ ಅಂತ.”

ಮಾವನ ಬಾಯಿ ನೆಟ್ಟಗಿದ್ದ ಬದಿಗೆ ಎಳೆದುಕೊಂಡಿತು. ನಗುತ್ತಿದ್ದಾರೆಂದು ತಿಳಿಯಲು ಡ್ರಮ್ಮಿನವನಿಗೆ ತುಸು ಹೊತ್ತು ಹಿಡಿಯಿತು. ಅಕ್ಕ ಎದ್ದು ತನ್ನ ಸ್ಟೂಲನ್ನು ಅವರಿಗೆ ಕೊಟ್ಟಳು. ಶ್ರುತಿ ತಿದ್ದುವ ತಿರುಗುಗುಂಡಿಯ ಮೇಲೆ ಅವರ ಎಡಗೈ ಬೆರಳಿಟ್ಟು, ತಾನು ನಿಷಾದವನ್ನು ಒತ್ತಿ ಹಿಡಿದಳು.

“ಇನ್ನೊಂದು ಕೂದಲೆಳೆ,” ಎಂದುಕೊಂಡರು ಮಾವ. ತಿರುಗಿಸಿದರು. ಹೆಚ್ಚಾಯಿತು. ಹಿಂದಕ್ಕೆ ಬಂದರು. ಅತ್ತೆ ಅವರ ಹಣೆಯ ಬೆವರು ಒರೆಸಲು ಹೋಗಿ ಕೈ ಹಿಂತೆಗೆದುಕೊಂಡರು. “ಹ್ಞಾ. ಸಾಕು. ಉಳಿಸು ಇದನ್ನ.”

ಅಕ್ಕ ಉಳಿಸಿದಳು. ಆಮೇಲೆ ಅವರನ್ನು ಎಬ್ಬಿಸಲು ಯಾರೂ ಹೋಗಲಿಲ್ಲ. ಮಾವ ಎಡಗೈಯ ತೋರುಬೆರಳಿನಿಂದ ಷಡ್ಜ ಹುಡುಕಿದರು, ಅಲ್ಲಿಂದ ಮುಂದಕ್ಕೆ ಹೊರಟರು. ಯಂತ್ರದ ಸ್ವರಕ್ಕೆ ಉಸಿರು ಬೇಕಿಲ್ಲ. ಬೆರಳಿಟ್ಟಷ್ಟು ಹೊತ್ತೂ ನಿಲ್ಲುತ್ತದೆ. ಆದರೂ ಒಂದೊಂದು ಸ್ವರಗುಚ್ಛ ಮುಗಿದಾಗ ಅವರು ಬೆರಳೆತ್ತುತ್ತಿದ್ದರು, ಎದೆ ತುಂಬ ಉಸಿರು ತೆಗೆದುಕೊಂಡು, ಬೆರಳನ್ನು ಮತ್ತೆ ಇಳಿಸುತ್ತಿದ್ದರು.