ಮೊದಲ ಮೂರು ನಿಮಿಷ

ಸಿನಿಮಾದ ಮೊದಲ ಮೂರು ನಿಮಿಷದಲ್ಲಿ ನೀವು ಕಂಡದ್ದೇನು ಎಂದು ಕೇಳಿದರೆ ಇಡೀ ಕ್ಲಾಸು ಒಂದೇ ಉತ್ತರ ಬರೆದು ಕೊಟ್ಟಿತ್ತು. ಅಲುಗಾಡುವ ಕ್ಯಾಮೆರಾ, ಅಪ್ಪನಿಗೆ ಸುಳ್ಳು ಹೇಳಿ ಹೊರಟ ಹದಿಹರೆಯದ ಹುಡುಗಿಯ ಚಂಚಲ ಮನಸ್ಸಿನ ಸಂಕೇತವಂತೆ. ಲತೀಶನೂ ಅದೇ, ಶಿಹಾಬನೂ ಅದೇ, ಒಂದು ಅಲ್ಪವಿರಾಮವೂ ಬಿಡದ ಹಾಗೆ ಅದೇ. ಸುಳ್ಯದ ಆ ಕಾಲೇಜಿನಲ್ಲಿ ಜರ್ನಲಿಸಂ ಕಲಿಸುವ ಲೋಲಾಕ್ಷಿ ಟೀಚರಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕಣ್ಣಿಗೆ ಕಂಡದ್ದನ್ನು ಬರೆಯಿರಿ, ಮೊಬೈಲು ಹೇಳಿಕೊಟ್ಟದ್ದನ್ನಲ್ಲ ಎಂದು ವಾರವಿಡೀ ಬಡಿದುಕೊಂಡದ್ದು ಗೋಡೆಗೆ ಹೇಳಿದ ಹಾಗಾಗಿತ್ತು.

ಸ್ವಂತ ಕಣ್ಣಲ್ಲಿ ನೋಡಿ ಬರೆದವಳು ಒಬ್ಬಳೇ, ಅಜ್ಜಾವರದ ಭವಿತಾ. ಕರ್ಮ ನೋಡಿ, ಆ ಒಬ್ಬಳನ್ನೇ ಕ್ಲಾಸಿನಿಂದ ಬಿಡಿಸಿಕೊಂಡು ಹೋಗಲು ಅವಳ ಅಪ್ಪ ದೇರಣ್ಣ ಬೆಳಿಗ್ಗೆಯೇ ಬಂದು ಸ್ಟಾಫ್ ರೂಮಿನಲ್ಲಿ ಕೂತಿದ್ದರು. ಜರ್ನಲಿಸಂ ಬೇಡ, ಬೇರೆ ಯಾವುದಾದರೂ ವಿಷಯ ಕೊಡಿಸಿ, ಟೀಚರ ಸಹಿ ಇದ್ದರೆ ಸಾಕು ಎಂದು ಆಫೀಸಿನಲ್ಲಿ ಹೇಳಿದ್ದಾರೆ, ಈ ಅರ್ಜಿಗೆ ಸಹಿ ಹಾಕಿಬಿಡಿ ಎಂದು ಒಂದೇ ಪಟ್ಟು. ಭವಿತಾ ಬ್ಯಾಗನ್ನು ಅವುಚಿಕೊಂಡು ಬಾಗಿಲ ಬಳಿ ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

ಆದದ್ದು ಇಷ್ಟೇ. ಹುಡುಗಿ ಮನೆಯಲ್ಲಿ ಕೂತು ಆ ಸಿನಿಮಾ ನೋಡುವಾಗ ದೇರಣ್ಣ ಹಿಂದಿನಿಂದ ಹಾದು ಹೋಗಿದ್ದರು. ಸಿನಿಮಾದಲ್ಲೊಬ್ಬಳು ಹುಡುಗಿ ಯೂನಿಫಾರ್ಮು ಹಾಕಿಕೊಂಡು ಮನೆಯಿಂದ ಹೊರಡುತ್ತಾಳೆ, ಶಾಲೆಗೆ ಹೋಗದೆ ಅರ್ಧ ದಾರಿಯಲ್ಲಿ ಬಸ್ಸಿಳಿದು, ಸೇತುವೆಯ ಅಡಿಯಲ್ಲಿ ಗೆಳೆಯರ ಜೊತೆ ಕೂರುತ್ತಾಳೆ. ಅಷ್ಟು ಕಂಡದ್ದೇ ದೇರಣ್ಣನ ಪಿತ್ತ ನೆತ್ತಿಗೇರಿತ್ತು.

“ಸುರುವಿನಲ್ಲೇ ಅಪ್ಪನಿಗೆ ಸುಳ್ಳು ಹೇಳಿ ಹೋಗುದು ಟೀಚರೇ. ಶಾಲೆಗೆ ಅಂತ ಹೇಳಿ ಸೇತುವೆ ಅಡಿಗೆ. ಇದನ್ನಾ ನೀವು ಕಲಿಸುದು?”

ಸುಳ್ಳು ಹೇಳುವುದನ್ನು ಕಲಿಸುವುದಲ್ಲ, ನೋಡುವುದನ್ನು ಕಲಿಸುವುದು ಎಂದು ಟೀಚರು ವಿವರಿಸಿದರು. ಇದು ಹೀರೋ, ಫೈಟು, ಹಾಡು ಇರುವ ಸಿನಿಮಾ ಅಲ್ಲ, ನಮ್ಮ ನಿಮ್ಮಂಥವರ ಮನೆಯೊಳಗೆ ಕ್ಯಾಮೆರಾ ಇಟ್ಟ ಹಾಗೆ ಎಂದರು. ದೇರಣ್ಣ ತಲೆಯಾಡಿಸಿದರು, ಆದರೆ ಅದು ಮೊಬೈಲಿನಲ್ಲಿ ಬಂದ ಅಡಿಕೆ ರೇಟಿಗೆ. ರೇಟು ನೋಡಿ ಮುಗಿಸಿದ ಮೇಲೆ ಅವರದ್ದೇ ಒಂದು ಸಲಹೆ ಬಂತು. ಸುರುವಿಗೆ ಒಂದು ದೀಪ, ದೇವರ ಫೋಟೋ ತೋರಿಸಿ, ಆ ಹುಡುಗಿ ಅಪ್ಪ ಅಮ್ಮನ ಕಾಲಿಗೆ ಬೀಳುವ ಹಾಗೆ ಮಾಡಿದ್ದರೆ ತೆಗೆದವರ ಗಂಟೇನು ಹೋಗುತ್ತಿತ್ತು? ಪಕ್ಕದ ಮೇಜಿನ ಸುಹಾನಾ ಟೀಚರು ನಗು ತಡೆಯಲು ನೀರಿನ ಬಾಟ್ಲಿ ಎತ್ತಿಕೊಂಡರು. ಲೋಲಾಕ್ಷಿ ಟೀಚರಿಗೆ ನಗುವೂ ಬರಲಿಲ್ಲ. ಇರುವುದು ಒಬ್ಬಳು ಹುಡುಗಿ, ಅವಳನ್ನೂ ಕಳೆದುಕೊಂಡರೆ ಮತ್ತೆ ಆ ಕ್ಲಾಸಿಗೆ ಹೋಗಿ ಪಾಠ ಮಾಡುವುದಾದರೂ ಯಾರಿಗೆ?

ಮಾತಿನಿಂದ ಪ್ರಯೋಜನವಿಲ್ಲ ಎಂದು ಲ್ಯಾಪ್‌ಟಾಪು ತಿರುಗಿಸಿ ಇಟ್ಟರು. ಪರದೆಯ ಮೇಲೆ ಬೆಳಗಾಯಿತು. ಹುಡುಗಿ ಅಡುಗೆಮನೆಯಲ್ಲಿ ನಿಂತುಕೊಂಡೇ ದೋಸೆ ತಿಂದಳು, ಜಡೆ ಹಾಕಿಕೊಂಡಳು, ಚಾವಡಿಗೆ ಬಂದಳು. ಅಲ್ಲಿ ಅವಳ ಅಪ್ಪ ಕುರ್ಚಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ದೂರದಲ್ಲಿ ಬಸ್ಸಿನ ಹಾರನ್ನು. “ಹೊರಟೆ ಅಪ್ಪ” ಎಂದಳು. ಅಪ್ಪ “ಹ್ಞೂಂ” ಎಂದ.

ಬಸ್ಸು ಸೇತುವೆಯ ಹತ್ತಿರ ನಿಂತದ್ದೇ ದೇರಣ್ಣ ಗೆದ್ದವರ ಹಾಗೆ ಬೆನ್ನು ನೆಟ್ಟಗೆ ಮಾಡಿದರು. ನೋಡಿದಿರಲ್ಲ, ಸುಳ್ಳು ಎಂದರು. ಎಲ್ಲಿ ಹೇಳಿದಳು ಎಂದು ಟೀಚರು ಕೇಳಿದರು. ಅಪ್ಪನ ಹತ್ತಿರ, ಶಾಲೆಗೆ ಅಂತ. ಸರಿ, ಇನ್ನೊಮ್ಮೆ ನೋಡುವ ಎಂದು ಟೀಚರು ಹಿಂದಕ್ಕೆ ಹಾಕಿದರು. ಹೊರಟೆ ಅಪ್ಪ. ಹ್ಞೂಂ. ದೇರಣ್ಣನ ಹುಬ್ಬು ಗಂಟಾಯಿತು. ಸೌಂಡು ಸಾಲದು ಎಂದರು. ಸೌಂಡು ಹೆಚ್ಚಾಯಿತು. ಹೊರಟೆ ಅಪ್ಪ. ಹ್ಞೂಂ. ಶಾಲೆಯ ಹೆಸರೇ ಇಲ್ಲ.

“ನಿಮಗೆ ಮಾತ್ರ ಅಲ್ಲ ದೇರಣ್ಣ, ನನಗೂ ಹಾಗೇ ಕಂಡಿತ್ತು. ಕ್ಲಾಸಿನಲ್ಲಿ ಎಲ್ಲರೂ ಬರೆದದ್ದು ಸುಳ್ಳು ಹೇಳಿದಳು ಅಂತಲೇ. ನಿಮ್ಮ ಮಗಳು ಒಬ್ಬಳೇ ಬರೆದದ್ದು, ಅವಳು ಸುಳ್ಳು ಹೇಳಲಿಲ್ಲ, ಅವಳ ಹತ್ತಿರ ಯಾರೂ ಕೇಳಲಿಲ್ಲ ಅಂತ.”

ದೇರಣ್ಣ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು, ಹಿಂದಕ್ಕೆ ಹಾಕುವುದು ಯಾವ ಬಟನ್ ಎಂದು ಕೇಳಿ ತಿಳಿದುಕೊಂಡು, ತಾನೇ ಒತ್ತಿದರು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಭವಿತಾ ಬಾಗಿಲ ಬಳಿಯಿಂದ, “ಅಪ್ಪ, ನಾನು ಹೋಗ್ತೇನೆ” ಎಂದಳು.

“ಹ್ಞೂಂ” ಎಂದರು ದೇರಣ್ಣ. ಕಣ್ಣು ಪರದೆಯ ಮೇಲೆಯೇ ಇತ್ತು. “ಎಂತ ಅಪ್ಪ ಮಾರಾಯ್ರೆ ಇವ? ಮಗಳು ಹೋಗುವಾಗ ತಲೆ ಎತ್ತುದೇ ಇಲ್ಲ.”

ಲೋಲಾಕ್ಷಿ ಟೀಚರಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಕೈ ಚಾಚಿ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದರು. “ದೇರಣ್ಣ, ನಿಮ್ಮ ಮಗಳು ಈಗ ಎಂತ ಹೇಳಿದ್ಲು?”

ದೇರಣ್ಣ ತಿರುಗಿ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮುಚ್ಚಿದ ಲ್ಯಾಪ್‌ಟಾಪು ನೋಡಿದರು, ಮತ್ತೆ ಬಾಗಿಲು ನೋಡಿದರು. ಅವರ ಮುಖ ಸಣ್ಣದಾಯಿತು. ಎದ್ದವರೇ ಮೊಬೈಲನ್ನು ಮೇಜಿನ ಮೇಲೆಯೇ ಬಿಟ್ಟು ವರಾಂಡಕ್ಕೆ ಓಡಿದರು. ಏನಾಗುತ್ತದೋ ಎಂದು ಟೀಚರೂ ಹಿಂದೆಯೇ ಹೋದರು.

ಭವಿತಾ ಅರ್ಧ ಮೆಟ್ಟಿಲು ಇಳಿದಿದ್ದಳು.

“ಭವಿ, ಎಲ್ಲಿಗೆ ಹೋಗುದು ನೀನು?”

ಅವಳು ಗಕ್ಕನೆ ನಿಂತಳು. ಹುಟ್ಟಿದಂದಿನಿಂದ ಹೋಗುತ್ತೇನೆ ಎಂದು ಹೇಳಿ ಮಾತ್ರ ಗೊತ್ತಿದ್ದವಳಿಗೆ, ಕೇಳಿದರೆ ಏನು ಹೇಳಬೇಕು ಎಂದೇ ತೋಚಲಿಲ್ಲ. ಟೀಚರ ಮುಖ ನೋಡಿದಳು. ಟೀಚರು ಬೇಕೆಂದೇ ಬೇರೆ ಕಡೆ ನೋಡಿದರು.

“ಕ್ಲಾಸಿಗೆ.”

“ಯಾವ ಕ್ಲಾಸಿಗೆ?”

ಅವಳು ಅಪ್ಪನನ್ನೇ ನೇರ ನೋಡಿದಳು. “ಜರ್ನಲಿಸಮ್ಮಿಗೆ.”

ದೇರಣ್ಣ ಮೆಟ್ಟಿಲ ಕಟಕಟೆ ಹಿಡಿದುಕೊಂಡು ನಿಂತರು. ಸಹಿ ಇಲ್ಲದ ಅರ್ಜಿ ಒಳಗೆ ಮೇಜಿನ ಮೇಲೆಯೇ ಇತ್ತು.

“ಹಾಗಾದರೆ ಬೇಗ ಹೋಗು” ಎಂದರು. “ನಿನ್ನ ಟೀಚರು ಇಲ್ಲೇ ಇದ್ದಾರೆ, ಈಗ ಕಳಿಸ್ತೇನೆ.”