ಹಿತ್ತಿಲ ಕಡೆಯ ಗೋಡೆ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಜ್ಜಿ ಬೈಯುತ್ತಿದ್ದಳು. ನಮ್ಮ ಚರ್ಚಿನ ಯುವಜನ ಸಂಘದಲ್ಲಂತೂ ಎಲ್ಲರೂ ಕರೆಯುವುದೇ ‘ಚಟಪಟಿ’ ಎಂದು. ರಜೆಯಲ್ಲಿ ಹತ್ತು ದಿನ ಬೇರೆ ಊರಿಗೆ ಹೋಗಿ ಮನೆಯಿಲ್ಲದವರಿಗೊಂದು ಮನೆ ಕಟ್ಟಿಕೊಡೋಣ ಎಂದಾಗ ಮೊದಲು ಕೈ ಎತ್ತಿದವಳು ನಾನು. ದೊಡ್ಡ ಭಕ್ತಿಯೇನಲ್ಲ, ಕೈಗೊಂದು ಕೆಲಸ ಸಿಗುತ್ತದಲ್ಲ ಎಂಬ ಆಸೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಮನೆ ಇಸ್ತ್ರಿ ಅಕ್ಕನದು. ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಆಕೆ, ಏಳು ವರ್ಷದ ಮಗಳನ್ನು ಕಟ್ಟಿಕೊಂಡು ಅದೇ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಗಂಟುಗಳ ನಡುವೆ ಮಲಗುತ್ತಿದ್ದಳು. ಈಗ ಆಕೆಗೆ ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ತಗಡಿನ ಶೀಟು. ಕಟ್ಟಲು ಬಂದವರು ನಾವು ಹನ್ನೆರಡು ಜನ. ಕರಣೆಯನ್ನು ಹೇಗೆ ಹಿಡಿಯಬೇಕೆಂದೂ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಮಗೆ ಕೆಲಸ ಕಲಿಸಲು ಬಂದ ಆ ಊರಿನ ಮೇಸ್ತ್ರಿಗೆ ಮಾತ್ರ.

ನಾಲ್ಕನೇ ದಿನ ಮೇಸ್ತ್ರಿಯ ಮಗಳಿಗೆ ಹೆರಿಗೆ ನೋವು ಬಂದಿದೆ ಎಂದು ಫೋನ್ ಬಂತು. ಅಷ್ಟರಲ್ಲಿ ಮೂರು ಗೋಡೆ ಎದ್ದಿದ್ದವು. ಹಿತ್ತಿಲ ಕಡೆಯದು ಮಾತ್ರ ಬಾಕಿ. ಶೀಟಿನ ಭಾರವೆಲ್ಲ ಅಕ್ಕಪಕ್ಕದ ಗೋಡೆಗಳ ಮೇಲೆ ಬೀಳುವುದರಿಂದ ಇದನ್ನು ನಮ್ಮ ಕೈಗೆ ಬಿಡಬಹುದು ಎಂದು ಅವರಿಗೆ ಅನ್ನಿಸಿತು.

“ದಾರ ಕಟ್ಟಿದೀನಿ, ಅದನ್ನ ಬಿಟ್ಟು ಆಚೀಚೆ ಹೋಗ್ಬೇಡಿ,” ಎಂದರು ಚಪ್ಪಲಿ ಮೆಟ್ಟುತ್ತಾ. “ಗಾರೆ ಬೇಕಾದಷ್ಟೇ ಕಲಸ್ಕೊಳ್ಳಿ. ಗಂಟೆ ದಾಟಿ ಬಿಗಿ ಆಯ್ತು ಅಂದ್ರೆ ಎಸೆದುಬಿಡಿ. ಮತ್ತೆ ನೀರು ಹಾಕಿ ಬದುಕಿಸೋಕೆ ಹೋಗ್ಬೇಡಿ. ಸತ್ತ ಗಾರೆ ಬದುಕಲ್ಲ.”

ನಮ್ಮ ದಿನ ಶುರುವಾಗುತ್ತಿದ್ದದ್ದು ಪ್ರಾರ್ಥನೆಯಿಂದ. ಮೊದಲ ದಿನ ಹತ್ತೇ ನಿಮಿಷ. ಆಮೇಲೆ ಅದಕ್ಕೆ ಹಾಡು ಸೇರಿತು. ಹಾಡಿನ ಹಿಂದೆ, ದೇವರು ತಮ್ಮ ಬಾಳಿನಲ್ಲಿ ಏನು ಮಾಡಿದನೆಂದು ಒಬ್ಬೊಬ್ಬರೂ ಎದ್ದು ಸಾಕ್ಷಿ ಹೇಳುವುದು ಸೇರಿತು. ನಮ್ಮ ಮುಂದಾಳು ಗಿಟಾರಣ್ಣನ ಕೈಗೆ ಗಿಟಾರ್ ಬಂದರೆ ಗಡಿಯಾರದ ನೆನಪಿರುವುದಿಲ್ಲ. ಮೇಸ್ತ್ರಿ ಇದ್ದಾಗ ಹೊರಗೆ ನಿಂತು ಕೆಮ್ಮುತ್ತಿದ್ದರು, ಹಾಡು ನಿಲ್ಲುತ್ತಿತ್ತು. ಕೆಮ್ಮುವವರು ಹೋದ ಮೇಲೆ ಪ್ರಾರ್ಥನೆ ಒಂದೂವರೆ ಗಂಟೆಗೆ ಏರಿತು.

ಒಂದೂವರೆ ಗಂಟೆ ಕಣ್ಣು ಮುಚ್ಚಿ ಕೂರುವುದೆಂದರೆ ನನಗೆ ಇರುವೆ ಗೂಡಿನ ಮೇಲೆ ಕೂತ ಹಾಗೆ. ಪ್ರಾರ್ಥನೆ ಮುಗಿದ ಮೇಲಾದರೂ ಕಾಯುವುದು ಬೇಡವೆಂದು ಒಂದು ಉಪಾಯ ಹೂಡಿದೆ. ಎಲ್ಲರಿಗಿಂತ ಮೊದಲೇ ಎದ್ದು ಬೆಳಗಿನ ಕೆಲಸಕ್ಕೆ ಬೇಕಾದ ಗಾರೆಯನ್ನೆಲ್ಲ ಕಲಸಿ, ಬಾಂಡ್ಲಿಗಳಿಗೆ ತುಂಬಿ ಸಾಲಾಗಿ ಇಟ್ಟೆ. ಆಮೆನ್ ಎಂದ ಕೂಡಲೇ ಇಟ್ಟಿಗೆಗೆ ಕೈ ಹಾಕಬಹುದು. ಗಿಟಾರಣ್ಣ ಎಲ್ಲರೆದುರು ಬೆನ್ನು ತಟ್ಟಿದ. ನಾನು ಉಬ್ಬಿಹೋದೆ.

ಆದರೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಿಸಿಲೇರಿ, ಬಾಂಡ್ಲಿಯಲ್ಲಿ ಚುಚ್ಚಿದ ಕರಣೆ ನೆಟ್ಟಗೆ ನಿಲ್ಲುತ್ತಿತ್ತು. ಎಸೆಯಲು ಮನಸ್ಸು ಬರಲಿಲ್ಲ. ನಮ್ಮ ಚರ್ಚಿನ ಸಭೆಯವರ ಕಾಣಿಕೆಯಿಂದ ಬಂದ ಸಿಮೆಂಟು, ನನ್ನ ರಟ್ಟೆ ಸವೆಸಿ ಕಲಸಿದ ಗಾರೆ. ಅರ್ಧ ಬಕೆಟ್ ನೀರು ಸುರಿದು ಸಲಿಕೆಯಿಂದ ತಿರುವಿದೆ. ಬೆಣ್ಣೆಯ ಹಾಗಾಯಿತು. ಒಂದಲ್ಲ, ಮೂರು ದಿನ ಹೀಗೇ ಮಾಡಿದೆ. ಮೇಸ್ತ್ರಿಯ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾದೀತು. ನೆನಪಿತ್ತು, ಕಿವಿಗೆ ಹಾಕಿಕೊಳ್ಳಲಿಲ್ಲ ಅಷ್ಟೇ.

ಏಳನೇ ದಿನ ಸಂಜೆ, ಎಲ್ಲರೂ ಕೈಕಾಲು ತೊಳೆಯುತ್ತಿದ್ದಾಗ, ನಾನು ಹಿತ್ತಿಲಿಗೆ ಹೋಗಿ ಸುಮ್ಮನೆ ಇಟ್ಟಿಗೆ ಸಂದಿಗೆ ಬೆರಳು ಒತ್ತಿದೆ. ಮೇಸ್ತ್ರಿ ಹೋದ ಮೇಲೆ ಮೊದಲ ದಿನ ನಾವು ಕಟ್ಟಿದ ಇಟ್ಟಿಗೆ ಸಾಲು ಅದು. ಗಾರೆ ಉದುರಿತು. ಉಗುರಿನಿಂದ ಕೆರೆದೆ, ಇನ್ನಷ್ಟು ಉದುರಿತು. ಪಕ್ಕದ ಗೋಡೆಗೆ ಹೋಗಿ ಅಲ್ಲೂ ಕೆರೆದು ನೋಡಿದೆ. ಉಗುರು ಮುರಿಯಿತು. ಗಾರೆ ಅಲುಗಲಿಲ್ಲ.

ಗಿಟಾರಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದೆ.

“ಹಸಿ ಇದೆ ಕಣೇ, ಒಣಗುತ್ತೆ,” ಎಂದ. “ಎಲ್ಲದಕ್ಕೂ ಅವಸರ ನಿಂಗೆ. ಸ್ವಲ್ಪ ನಂಬಿಕೆ ಇಡು.”

ಮರುದಿನ ಒಳಗಡೆಯಿಂದ ಆ ಗೋಡೆಗೆ ಪ್ಲಾಸ್ಟರ್ ಬಳಿದೆವು. ನುಣ್ಣಗೆ, ಚಂದವಾಗಿ ಕಂಡಿತು. ಮಧ್ಯಾಹ್ನ ಮೇಸ್ತ್ರಿ ಬಂದರು. ಮೊಮ್ಮಗಳು ಹುಟ್ಟಿದ ಸಂಭ್ರಮದಲ್ಲಿ ಕಾಲು ನೆಲಕ್ಕೆ ತಾಗದಂತೆ ನಡೆಯುತ್ತಿದ್ದರು. ಗೋಡೆಯ ಮೇಲೆ ಅಂಗೈ ಆಡಿಸಿ, “ಗಾರೆ ಕಲಸಿದ್ಯಾರು?” ಎಂದರು.

“ನಾನು ಮೇಸ್ತ್ರಿ.”

“ಹೇಳಿದ ಹಾಗೇ ಕಲಸಿದ್ಯಾ?”

“ಹೂಂ,” ಎಂದೆ. ನಾಲಿಗೆ ಸಲೀಸಾಗಿ ಹೊರಳಿತು. ಅವರು ನಂಬಿ ಶೀಟು ಹೊದಿಸಲು ಏಣಿ ಹತ್ತಿದರು.

ಆಮೇಲಿನ ಎರಡು ದಿನ ನಾನು ನಾನಾಗಿರಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡು, ನುಂಗಲೂ ಆಗದು, ಉಗುಳಲೂ ಆಗದು. ಕಿಟಕಿಗೆ ಬಣ್ಣ ಹಚ್ಚಲು ಹೋಗಿ ಅರ್ಧಕ್ಕೇ ಬಿಟ್ಟು ಹಿತ್ತಿಲಿಗೆ ಓಡುವುದು, ಗೋಡೆ ನೋಡುವುದು, ಯಾರಾದರೂ ಬಂದರೆ ಏನೋ ಹುಡುಕುವವಳ ಹಾಗೆ ಬಗ್ಗುವುದು. ಇಸ್ತ್ರಿ ಅಕ್ಕ ಲಾಂಡ್ರಿಗೆ ಹೋಗುವ ಮುನ್ನ ದಿನಾ ಬಂದು ಮನೆಯ ಸುತ್ತ ಗುಡಿಸುತ್ತಿದ್ದಳು. “ನಿದ್ದೆ ಮಾಡಿಲ್ವೇನೇ?” ಎಂದು ಕೇಳಿದಳು ಒಮ್ಮೆ. ಆಗ ಹೇಳಬಹುದಿತ್ತು. “ಸೊಳ್ಳೆ ಅಕ್ಕಾ,” ಎಂದೆ.

ಹತ್ತನೇ ದಿನ ಹೊಸ ಮನೆಯನ್ನು ದೇವರಿಗೊಪ್ಪಿಸುವ ಪ್ರತಿಷ್ಠೆಯ ಪ್ರಾರ್ಥನೆ. ನಮ್ಮ ಊರಿನಿಂದ ಪಾಸ್ಟರ್ ಬಂದರು, ಸಭೆಯ ಹಿರಿಯರು ಬಂದರು, ಫೋಟೋ ತೆಗೆಯುವವನೂ ಬಂದ. ಸಭೆಯವರು ಇಸ್ತ್ರಿ ಅಕ್ಕನ ಮಗುವಿಗೆಂದು ಕಬ್ಬಿಣದ ಮಂಚವೊಂದನ್ನು ಕಾಣಿಕೆ ತಂದಿದ್ದರು. ಯಾರೋ ಅದನ್ನು ಹಿತ್ತಿಲ ಕಡೆಯ ಗೋಡೆಗೆ ತಾಗಿಸಿ ಹಾಕಿದರು. ಫೋಟೋಗೆ ಬೆಳಕು ಅಲ್ಲೇ ಚೆನ್ನಾಗಿತ್ತು. ಮಗಳು ಹತ್ತಿ ಕೂತು ಕಾಲು ಆಡಿಸಿದಳು.

ನಾವೆಲ್ಲ ಕೈ ಹಿಡಿದು ಕಣ್ಣು ಮುಚ್ಚಿದೆವು. ಪಾಸ್ಟರ್ ಶುರು ಮಾಡಿದರು. ಈ ಮನೆಯಲ್ಲಿ ಮಲಗುವವರಿಗೆ ನೆಮ್ಮದಿ ಕೊಡು ಎಂದರು. ಕಟ್ಟಿದ ಕೈಗಳನ್ನು ಆಶೀರ್ವದಿಸು ಎಂದರು. ಅಷ್ಟರಲ್ಲಿ ಸಿಮೆಂಟು ನೆಲದ ಮೇಲೆ ಏನೋ ಕಿರ್ರೆಂದು ಎಳೆದ ಸದ್ದಾಯಿತು. ಒಂದು ಕಣ್ಣು ತೆರೆದೆ.

ಇಸ್ತ್ರಿ ಅಕ್ಕ ಮಂಚ ಎಳೆಯುತ್ತಿದ್ದಳು. ತುಸು ಎಳೆಯುವುದು, ನಿಲ್ಲುವುದು, ಮುಚ್ಚಿದ ಕಣ್ಣುಗಳನ್ನೆಲ್ಲ ಒಮ್ಮೆ ನೋಡುವುದು, ಮತ್ತೆ ತುಸು ಎಳೆಯುವುದು. ಮಂಚದ ಮೇಲಿದ್ದ ಮಗಳಿಗೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದಳು. ಮಂಚ ಸರಿಯುತ್ತಿದ್ದದ್ದು ಹಿತ್ತಿಲ ಕಡೆಯ ಗೋಡೆಯಿಂದ ಎದುರಿನ ಗೋಡೆಯ ಕಡೆಗೆ.

“ಆಮೆನ್,” ಎಂದೆ ಜೋರಾಗಿ.

ಪ್ರಾರ್ಥನೆ ಅರ್ಧದಲ್ಲಿತ್ತು. ಆದರೂ ಅಭ್ಯಾಸಬಲ ನೋಡಿ, ಎಲ್ಲರೂ ಆಮೆನ್ ಎಂದು ಕಣ್ಣು ಬಿಟ್ಟರು. ಪಾಸ್ಟರ್ ಮಾತ್ರ ಬಾಯಿ ತೆರೆದುಕೊಂಡೇ ನಿಂತರು.

“ಈ ಗೋಡೆ ಕೆಡವಬೇಕು,” ಎಂದೆ. “ಸತ್ತ ಗಾರೆಗೆ ನೀರು ಹಾಕಿ ಕಟ್ಟಿದ್ದು ನಾನು. ಮೇಸ್ತ್ರಿ ಕೇಳಿದಾಗ ಸುಳ್ಳು ಹೇಳಿದೆ.”

ಗಿಟಾರಣ್ಣ ನೆಲ ನೋಡಿದ. ಮೇಸ್ತ್ರಿ ಹಿತ್ತಿಲಿಗೆ ನಡೆದರು, ನಾವೆಲ್ಲ ಹಿಂದೆ ಹೋದೆವು. ಮೂಲೆಯ ಒಂದು ಇಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದರು. ಉಳಿ ಸುತ್ತಿಗೆ ಏನೂ ಬೇಕಾಗಲಿಲ್ಲ. ಇಟ್ಟಿಗೆ ಅವರ ಕೈಗೆ ಬಂತು. ಅದನ್ನು ತಂದು ನನ್ನ ಕೈಯಲ್ಲಿಟ್ಟು, “ಕೆಡವಿ ಮತ್ತೆ ಕಟ್ಟೋಕೆ ಇನ್ನೂ ಐದು ದಿನ,” ಎಂದರು.

“ನಾನು ಉಳ್ಕೋತೀನಿ,” ಎಂದೆ. ಇಸ್ತ್ರಿ ಅಕ್ಕನ ಕಡೆ ತಿರುಗಿದೆ. ನಿಜ ಹೇಳುತ್ತೇನೆ, ಆಕೆ ತಲೆ ಸವರಿ ಒಂದು ಒಳ್ಳೆಯ ಮಾತು ಆಡಿಯಾಳು ಎಂದು ಕಾದಿದ್ದೆ.

“ನಿಮಗೆ ಮೊದಲೇ ಗೊತ್ತಿತ್ತಾ ಅಕ್ಕಾ?”

“ದಿನಾ ಗುಡಿಸೋಳು ನಾನಲ್ವಾ. ದಿನಾ ಇಲ್ಲಿ ಮರಳು ಉದುರಿರ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಆಕೆ ಮಗಳನ್ನು ಸೊಂಟಕ್ಕೆತ್ತಿಕೊಂಡಳು. ಲಾಂಡ್ರಿಯ ಕೋಣೆಯ ಬೀಗದ ಕೈಯನ್ನು ಅಂದು ಬೆಳಿಗ್ಗೆಯೇ ಮಾಲೀಕನಿಗೆ ಹಿಂತಿರುಗಿಸಿ ಬಂದಿದ್ದಳಂತೆ. ಈಗ ಹೋಗಿ ಮತ್ತೆ ಕೇಳಬೇಕಿತ್ತು.

“ದಾನ ಕೊಟ್ಟ ಹಸುವಿನ ಹಲ್ಲು ಎಣಿಸಿದಳು ಅಂತಾರೆ, ನಾನು ಹೇಗೆ ಹೇಳ್ಲಿ?” ಎಂದಳು. ದನಿ ಏರಲಿಲ್ಲ. “ನಂಗೆ ಬಾಯಿರಲಿಲ್ಲ ಕಣೇ. ನಿಂಗಿತ್ತಲ್ಲ.”